ಶುಕ್ರವಾರದ ಗಿರಾಕಿ

ಮಗಳ ಮನೆಯಿಂದ ಹೊರಟು ಎಡಕ್ಕೆ ತಿರುಗಿದರೆ ನಾಲ್ಕನೆಯ ಕಟ್ಟಡದ ಕೆಳಗೆ ಒಂದು ಹೋಟೆಲು. ಬಣ್ಣ ಮಾಸಿದ ಹಸಿರು ಬಾಗಿಲು, ಕಿಟಕಿಯ ಕೆಳಗಿನ ಅರ್ಧಕ್ಕಷ್ಟೇ ಬಿಳಿ ಪರದೆ, ಹೊರಗೋಡೆಗೆ ಒರಗಿಸಿದ ಕರಿಹಲಗೆ. ಹಲಗೆಯ ಮೇಲೆ ದಿನವೂ ಸೀಮೆಸುಣ್ಣದಲ್ಲಿ ಎರಡೇ ಸಾಲು. ಆಸ್ಟ್ರಿಯಾದ ವಿಯೆನ್ನಾಕ್ಕೆ ಬಂದ ಮೊದಲ ಮೂರು ವಾರ, ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವಾಗ, ಆ ಎರಡು ಸಾಲನ್ನು ಅನಕ್ಷರಸ್ಥಳ ಹಾಗೆ ದಿಟ್ಟಿಸಿ ಮುಂದೆ ಹೋಗುತ್ತಿದ್ದೆ. ಮೈಸೂರಿನ ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ, ಇತರರ ಕೈಬರಹವನ್ನು ಓದುವುದನ್ನೇ ಕಸುಬು ಮಾಡಿಕೊಂಡಿದ್ದವಳಿಗೆ ಇದು ಸಣ್ಣ ಅವಮಾನವಲ್ಲ.

ಮಗಳಿರುವುದು ಒಟ್ಟಾಕ್ರಿಂಗ್‌ನಲ್ಲಿ. ವಿಯೆನ್ನಾದ 23 ಜಿಲ್ಲೆಗಳ ಪೈಕಿ ಹದಿನಾರನೆಯದು. ಅರಮನೆ, ಒಪೆರಾ, ಪ್ರವಾಸಿಗರು ಎಲ್ಲರೂ ಊರ ನಡುವೆ. ಇದು ದುಡಿಯುವವರ ಬಡಾವಣೆ. ಹತ್ತಿರದ ಬ್ರುನನ್ ಮಾರುಕಟ್ಟೆಯ ತುರ್ಕಿ ಅಂಗಡಿಗಳಲ್ಲಿ ಬೆಂಡೆಕಾಯಿ, ಕೊತ್ತಂಬರಿ ಸೊಪ್ಪು ಎರಡೂ ಸಿಗುವುದರಿಂದ ನನಗೆ ಬಂದ ದಿನವೇ ಒಗ್ಗಿತು. ಗಾಳಿ ನಮ್ಮ ಕಡೆ ಬೀಸಿದ ದಿನ ಬಿಯರ್ ಕಾರ್ಖಾನೆಯ ವಾಸನೆ ಬರುತ್ತದೆ. 1837ರಿಂದ ಇರುವ ಕಾರ್ಖಾನೆ ಅದು. ಅಳಿಯ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಯಾರೋ ಒಲೆಯ ಮೇಲೆ ರಾಗಿ ಮಾಲ್ಟ್ ಇಟ್ಟು ಮರೆತ ಹಾಗೆ ಅನ್ನಿಸುತ್ತದೆ.

ಇಂಥ ಹೋಟೆಲಿಗೆ ಇಲ್ಲಿ ಬೈಸ್ಲ್ ಎನ್ನುತ್ತಾರೆ. ಮನೆ ಎಂಬ ಅರ್ಥದ, ಯೆಹೂದಿಗಳ ಯಿಡ್ಡಿಷ್ ಭಾಷೆಯ ಪದದಿಂದ ಬಂದದ್ದಂತೆ. ನಮ್ಮಲ್ಲಿ ಖಾನಾವಳಿ, ಮಿಲಿಟರಿ ಹೋಟೆಲ್, ದರ್ಶಿನಿ ಎಂದರೆ ಹೇಗೆ ಒಂದೊಂದು ಚಿತ್ರ ಕಣ್ಣಿಗೆ ಕಟ್ಟುತ್ತದೆಯೋ ಹಾಗೆ ಬೈಸ್ಲ್ ಎಂದರೆ ಕಪ್ಪಾದ ಮರದ ಹಲಗೆ ಹೊದಿಸಿದ ಗೋಡೆ, ಬಾಗಿಲ ಬಳಿಯೇ ಬಿಯರ್ ತುಂಬಿಸುವ ಕಟ್ಟೆ, ಚೌಕುಳಿ ಮೇಜುಬಟ್ಟೆ, ಸುತ್ತಮುತ್ತಲಿನವರೇ ಗಿರಾಕಿಗಳು. ಅಲ್ಲಿ ಒಂದು ಸಲ ಊಟ ಮಾಡಲೇಬೇಕೆಂದು ಮೂರನೆಯ ವಾರದ ಕೊನೆಗೆ ತೀರ್ಮಾನಿಸಿದೆ. ಮಗಳು ನಕ್ಕಳು. "ಅಮ್ಮಾ, ನೀನು ಮೊಟ್ಟೆ ತಿನ್ನುವುದನ್ನು ಕಲಿತದ್ದೇ ಐವತ್ತರ ಮೇಲೆ. ಅಲ್ಲಿ ಹೋಗಿ ಏನು ತಿನ್ನುತ್ತೀಯೆ?"

ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು. ಸೋಮವಾರ ಅವರಿಗೆ ವಾರದ ರಜೆ. ಅದನ್ನು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರಂತೆ.

ಎರಡನೆಯ ಸಲ ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬಳೇ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಅಲ್ಲಿ ಊಟ ಮಾಡುತ್ತಿದ್ದ ಇಬ್ಬರು ಅಪರಿಚಿತರು ತಲೆಯೆತ್ತಿ "ಮಾಲ್‌ಟ್ಸೈಟ್" ಎಂದರು. ಗಾಬರಿಯಾಗಿ ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ನನಗೇ ಹೇಳಿದ್ದು. ಊಟದ ಹೊತ್ತು ಎಂದಷ್ಟೇ ಅದರ ಅರ್ಥ. ಮಧ್ಯಾಹ್ನದ ನಮಸ್ಕಾರ ಅದು. ಎದುರಾದವರನ್ನೆಲ್ಲ "ಊಟ ಆಯಿತೇ?" ಎನ್ನುವ ಊರಿನಿಂದ ಬಂದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಧೈರ್ಯ ಬಂತು. ಆ ಧೈರ್ಯದಲ್ಲಿಯೇ ಹೋಗಿ, ಕಟ್ಟೆಯ ಪಕ್ಕ ದೀಪದ ಕೆಳಗೆ ಖಾಲಿಯಿದ್ದ ದೊಡ್ಡ ದುಂಡು ಮೇಜಿನ ಮುಂದೆ ಕುಳಿತುಬಿಟ್ಟೆ.

ಐದು ನಿಮಿಷವಾದರೂ ಯಾರೂ ಬರಲಿಲ್ಲ. ಆಮೇಲೆ ಬಂದವರು ನಾಲ್ವರು ವೃದ್ಧರು. ಅವರೂ ಏನೂ ಹೇಳಲಿಲ್ಲ. ಕಟ್ಟೆಗೆ ಒರಗಿ ನಿಂತು ನನ್ನನ್ನೂ ಮೇಜಿನ ನಡುವಿನ ಹಿತ್ತಾಳೆ ಫಲಕವನ್ನೂ ಸರದಿಯಂತೆ ನೋಡಿದರು. ಅದು ಕಾಯಂ ಗಿರಾಕಿಗಳ ಮೇಜು, ಅವರ ಭಾಷೆಯಲ್ಲಿ ಶ್ಟಾಮ್‌ಟಿಶ್. ಖಾಲಿಯಿದ್ದರೂ ಅದು ಖಾಲಿಯಲ್ಲ. ಊರಿನ ಅರಳಿಕಟ್ಟೆಯಲ್ಲಿ ಯಾರ ಜಾಗ ಯಾವುದೆಂದು ಬೋರ್ಡು ಇರುವುದಿಲ್ಲ, ಇಲ್ಲಿ ಬೋರ್ಡೂ ಇತ್ತು. ಕೋಪ ಬಂದದ್ದು ಅವರ ಮೇಲಲ್ಲ, ಮತ್ತೆ ಓದಲು ಬಾರದವಳಾದೆನಲ್ಲ ಎಂದು. ಎದ್ದು ಮನೆಗೆ ಬಂದು ಚಿತ್ರಾನ್ನ ಕಲಸಿಕೊಂಡೆ.

ಜುಲೈ ಬಂದು ಶಾಲೆಗೆ ರಜೆ ಸಿಕ್ಕಿದ ಮೇಲೆ ದುಭಾಷಿಯನ್ನು ಕರೆದುಕೊಂಡೇ ಹೋದೆ. ದುಭಾಷಿಗೆ ಏಳು ವರ್ಷ. ನನ್ನ ಜೊತೆ ಕನ್ನಡ, ಗೆಳೆಯರ ಜೊತೆ ಅಪ್ಪಟ ವಿಯೆನ್ನಾದ ಜರ್ಮನ್.

ಹೋಟೆಲಿನ ಒಡತಿ ನನ್ನದೇ ವಯಸ್ಸಿನವರು, ಬಡಿಸುವುದೂ ಅವರೇ. ಮಧ್ಯಾಹ್ನ ಸೂಪ್ ಸೇರಿಸಿ ಒಂದು ಅಗ್ಗದ ಊಟ ಇರುತ್ತದೆ, ಹಲಗೆಯ ಮೇಲಿನ ಎರಡು ಸಾಲು ಅದೇ. ಪಕ್ಕದ ಮೇಜಿನ ಸೂಪಿನ ಬಟ್ಟಲನ್ನು ನೋಡಿದೆ. ತಿಳಿಯಾದ ಹೊಂಬಣ್ಣದ ಸಾರು, ಅದರಲ್ಲಿ ದೋಸೆಯನ್ನು ಸುರುಳಿ ಸುತ್ತಿ ಸಣ್ಣಗೆ ಹೆಚ್ಚಿದಂಥ ಎಳೆಗಳು, ಮೇಲೆ ಹಸಿರು. ದೋಸೆಯೇ ಹೌದು, ಮೈದಾ, ಹಾಲು, ಮೊಟ್ಟೆಯದು; ಫ್ರಿಟಾಟನ್ ಸೂಪ್ ಎಂದು ಹೆಸರು. "ಅದರಲ್ಲಿ ಮಾಂಸ ಇದೆಯೇ ಕೇಳು" ಎಂದೆ. ಕೇಳಿದ. "ಇಲ್ಲವಂತೆ ಅಜ್ಜಿ."

ಎರಡು ಚಮಚ ಕುಡಿದೆ. ರುಚಿಯಾಗಿತ್ತು, ಸುಳ್ಳು ಹೇಳಲಾರೆ. ಆದರೆ ತರಕಾರಿಯಿಂದ ಬರುವ ರುಚಿಯಾಗಿರಲಿಲ್ಲ. "ಈ ಸಾರನ್ನು ಯಾವುದರಿಂದ ಮಾಡಿದ್ದಾರೆ, ಕೇಳು" ಎಂದೆ. ಒಡತಿ ಸಂಭ್ರಮದಿಂದ ಉದ್ದಕ್ಕೆ ಹೇಳಿದರು, ಹುಡುಗ ಚಿಕ್ಕದಾಗಿ ಹೇಳಿದ: "ದನದ ಮೂಳೆ ಅಂತೆ. ಬೆಳಗ್ಗೆ ಆರರಿಂದ ಕುದಿಸಿದ್ದಂತೆ."

ಚಮಚ ಕೆಳಗಿಟ್ಟೆ. ಒಂದು ಲೋಟ ನೀರು ಕುಡಿದೆ. ತಪ್ಪು ಅವರದಲ್ಲ. ನಾನು ಕೇಳಿಸಿದ್ದು ಮಾಂಸ ಇದೆಯೇ ಎಂದು. ಬಟ್ಟಲಿನಲ್ಲಿ ಮಾಂಸ ಇರಲಿಲ್ಲ. ಅರ್ಜಿಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕು ಎಂದು ಎಷ್ಟು ಜನರಿಗೆ ಹೇಳಿದ್ದೇನೋ, ಈಗ ಅದೇ ನನಗೆ ತಿರುಗಿಬಂತು. ನಮಗೆ ಒಗ್ಗರಣೆ ಹೇಗೋ ಇವರ ಅಡುಗೆಗೆ ಮೂಳೆಸಾರು ಹಾಗೆ. ಸೂಪಿಗಷ್ಟೇ ಅಲ್ಲ, ವಿಯೆನ್ನಾದ ಆಲೂಗಡ್ಡೆ ಕೋಸಂಬರಿಗೂ ವಿನೆಗರ್, ಎಣ್ಣೆ, ಈರುಳ್ಳಿಯ ಜೊತೆ ಬಿಸಿ ಮೂಳೆಸಾರನ್ನು ಸುರಿಯುತ್ತಾರೆ. ಆಲೂಗಡ್ಡೆಯನ್ನೂ ನಂಬುವಂತಿಲ್ಲ!

ಮೆನುವಿನಲ್ಲಿ ಪ್ರತಿ ತಿನಿಸಿನ ಮುಂದೆ ಸಣ್ಣ ಅಕ್ಷರಗಳಿದ್ದವು: ಎ, ಸಿ, ಜಿ, ಎಲ್. ಇದೇ ನನ್ನ ಬೀಗದ ಕೈ ಎಂದು ಒಂದು ಕ್ಷಣ ಹಿಗ್ಗಿದೆ. ಎ ಎಂದರೆ ಗೋಧಿ ಮುಂತಾದ ಧಾನ್ಯ, ಸಿ ಮೊಟ್ಟೆ, ಜಿ ಹಾಲು, ಎಲ್ ಸೆಲರಿ. ಅಲರ್ಜಿ ಇರುವವರಿಗಾಗಿ 2014ರ ಕೊನೆಯಿಂದ ಯುರೋಪಿಯನ್ ಒಕ್ಕೂಟದಲ್ಲೆಲ್ಲ ಈ ಮಾಹಿತಿ ಕಡ್ಡಾಯ. ಎಳ್ಳಿಗೂ ಒಂದು ಅಕ್ಷರವಿದೆ, ಸಾಸಿವೆಗೂ ಇದೆ. ದನಕ್ಕೆ ಇಲ್ಲ, ಹಂದಿಗೂ ಇಲ್ಲ. ಮಾಂಸ ಅಲರ್ಜಿಯ ಪಟ್ಟಿಯಲ್ಲಿ ಬರುವುದಿಲ್ಲವಲ್ಲ.

ನನ್ನ ಮುಖ ನೋಡಿ ಒಡತಿಗೆ ಅರ್ಥವಾಗಿರಬೇಕು. ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದವರು ತಟ್ಟೆಯೊಂದಿಗೆ ಬಂದರು. ಅಂಗೈಯಷ್ಟು ದೊಡ್ಡ ಐದು ಕಡುಬು, ಮೇಲೆ ಕರಗಿದ ಬೆಣ್ಣೆ. ಅವರ ತವರು ದಕ್ಷಿಣದ ಕಾರಿಂಥಿಯಾ; ಅಲ್ಲಿನ ಕಾಸ್‌ನೂಡಲ್ ಇದು. ನೂಡಲ್ ಎಂದರೆ ಶ್ಯಾವಿಗೆಯಲ್ಲ. ಕಣಕದೊಳಗೆ ಟೋಪ್ಫನ್ ಎಂಬ ಮೆತ್ತನೆಯ ಹಸಿ ಚೀಸ್, ಬೇಯಿಸಿದ ಆಲೂಗಡ್ಡೆ, ಪುದೀನ ತುಂಬಿ ನೀರಿನಲ್ಲಿ ಬೇಯಿಸುವುದು. ನಾನು ಬಾಯಿಗಿಡುವ ಮೊದಲು ನೋಡಿದ್ದು ಅಂಚನ್ನು. ನಮ್ಮ ಕರ್ಜಿಕಾಯಿಯ ಅಂಚನ್ನು ಹೆಬ್ಬೆರಳಿನಿಂದ ಹೆಣಿಗೆಯ ಹಾಗೆ ಮಡಿಸುತ್ತಾ ಹೋಗುತ್ತೇವಲ್ಲ, ಅದೇ ಮಡಿಕೆ, ಅದೇ ಓರೆ. ಬೆರಳಿನಿಂದ ಗಾಳಿಯಲ್ಲಿ ಮಡಿಸುವಂತೆ ತೋರಿಸಿದೆ. ಒಡತಿ ಜೋರಾಗಿ ನಕ್ಕು ಮೊಮ್ಮಗನಿಗೆ ಏನೋ ಹೇಳಿದರು. "ಅವರ ಊರಿನಲ್ಲಿ ಹೀಗೆ ಮಡಿಸಲು ಬಾರದ ಹುಡುಗಿಗೆ ಗಂಡ ಸಿಗುವುದಿಲ್ಲವಂತೆ ಅಜ್ಜಿ. ನಿನಗೆ ಬರುತ್ತದೆಯಾ?"

ಬರುತ್ತದೆ ಎಂದು ಹೇಳು ಎಂದೆ.

ಕಾಸ್‌ನೂಡಲ್ ಚೆನ್ನಾಗಿತ್ತು, ಸ್ವಲ್ಪ ಸಪ್ಪೆ. ಪುದೀನ ಇರುವ ಕಡೆ ಹಸಿಮೆಣಸಿನಕಾಯಿ ಇರಬೇಕೆಂಬ ನನ್ನ ನಾಲಿಗೆಯ ಹಟವೂ ಇರಬಹುದು.

ನಿಜವಾದ ಅವಾಂತರ ಆದದ್ದು ದುಡ್ಡು ಕೊಡುವಾಗ. ಕ್ಯಾಷ್ ಕೌಂಟರಿನಲ್ಲಿ ಕುಳಿತು ಕೂದಲು ನರೆಸಿಕೊಂಡವಳು ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ. ಒಡತಿ ಸೊಂಟದ ಚೀಲದಿಂದ ದೊಡ್ಡ ಕಪ್ಪು ಚರ್ಮದ ಪರ್ಸು ತೆಗೆದು ಮೇಜಿನ ಬಳಿ ನಿಂತೇ ಲೆಕ್ಕ ಹೇಳಿದರು: 27 ಯೂರೊ 60 ಸೆಂಟ್. 50ರ ನೋಟು ಕೊಟ್ಟು, ಸೌಜನ್ಯಕ್ಕೆ ಕಲಿತಿದ್ದ ಒಂದೇ ಪದವನ್ನು ಬಳಸಿದೆ: "ಡಾಂಕೆ." ಅವರು ನೋಟನ್ನು ಹಿಡಿದು ಹಾಗೆಯೇ ನಿಂತರು. ಪರ್ಸು ತೆರೆಯಲಿಲ್ಲ. ಹುಬ್ಬು ಮೇಲೇರಿತು. ನನ್ನ ಕೈ ಚಿಲ್ಲರೆಗಾಗಿ ಚಾಚಿಕೊಂಡೇ ಇತ್ತು.

ನೋಟು ಕೊಡುವಾಗಲೇ ಧನ್ಯವಾದ ಹೇಳಿದರೆ ಉಳಿದದ್ದು ನಿಮಗೇ ಇರಲಿ ಎಂದು ಇಲ್ಲಿ ಅರ್ಥ. ಅಂದರೆ ನಾನು 22 ಯೂರೊ 40 ಸೆಂಟ್ ಭಕ್ಷೀಸು ಕೊಟ್ಟಿದ್ದೆ. ಅವರು ಮೊಮ್ಮಗನನ್ನು ಕೇಳಿದರು, ಅವನು ನನ್ನನ್ನು ಕೇಳಿದ, ನಾನು "ಅಯ್ಯೋ ಇಲ್ಲ" ಎಂದೆ. ಅದನ್ನು ಮಾತ್ರ ಯಾರೂ ಅನುವಾದಿಸಬೇಕಾಗಲಿಲ್ಲ. ಇಲ್ಲಿನ ಕ್ರಮವೇ ಬೇರೆ: ಲೆಕ್ಕ ಕೇಳಿದ ಕೂಡಲೇ ಭಕ್ಷೀಸನ್ನು ಮನಸ್ಸಿನಲ್ಲೇ ಕೂಡಿ, ಒಟ್ಟು ಎಷ್ಟು ತೆಗೆದುಕೊಳ್ಳಬೇಕೆಂದು ನಾವೇ ಬಾಯಿಬಿಟ್ಟು ಹೇಳಬೇಕು. 27.60 ಎಂದರೆ ಮೂವತ್ತು ಎನ್ನಬೇಕು, ಆಮೇಲೆ ನೋಟು, ಆಮೇಲೆ ಡಾಂಕೆ. ಕೂಡುವುದು ಬರುತ್ತಿತ್ತು, ಆ ಸಂಖ್ಯೆಯ ಹೆಸರು ಬರುತ್ತಿರಲಿಲ್ಲ. ಆ ರಾತ್ರಿ ಹುಡುಗನಿಂದ ನೂರರವರೆಗೆ ಎಣಿಕೆ ಕಲಿತೆ. ಇಪ್ಪತ್ತೇಳಕ್ಕೆ ಏಳು-ಮತ್ತು-ಇಪ್ಪತ್ತು ಎನ್ನುವ ಭಾಷೆಯಲ್ಲಿ ಕ್ಯಾಷಿಯರುಗಳು ಹೇಗೆ ಬದುಕುತ್ತಾರೋ!

ಆ ಶನಿವಾರ ರಾತ್ರಿ ಎಲ್ಲರೂ ಸೇರಿ ಹೋದೆವು. ರಾತ್ರಿಗೆ ಮೊದಲೇ ಫೋನ್ ಮಾಡಿ ಮೇಜು ಹಿಡಿಯಬೇಕು. ಕಾರ್ಖಾನೆಯ ವಾಸನೆಗೆ ಮೂಗು ಮುಚ್ಚುವ ಅಳಿಯ ಅದೇ ಕಾರ್ಖಾನೆಯ ಬಿಯರಿಗೆ ಮುಚ್ಚಲಿಲ್ಲ. ಅವರು ಮಂಗಳೂರಿನ ಕಡೆಯವರು, ಮಾಂಸ ತಿನ್ನುತ್ತಾರೆ. ಅವರಿಗೆ ಬಂದ ಷ್ನಿಟ್ಸೆಲ್ ತಟ್ಟೆಯ ಅಂಚು ದಾಟಿ ಹೊರಗೆ ಚಾಚಿಕೊಂಡಿತ್ತು. ಕರುವಿನ ಮಾಂಸದ್ದಾದರೆ ಮಾತ್ರ ಬರೀ ವಿಯೆನ್ನಾ ಷ್ನಿಟ್ಸೆಲ್ ಎನ್ನಬಹುದು. ಹಂದಿಯದಾದರೆ ಹಂದಿಯದೆಂದು ಮೆನುವಿನಲ್ಲಿ ಬರೆಯಲೇಬೇಕು. ಅವರದು ಹಂದಿಯದು. ತೆಳ್ಳಗೆ ಬಡಿದು, ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುವುದು. ಯಾವುದರಲ್ಲಿ ಎಂದು ಕೇಳಿದೆ. ಬುಟ್ಟರ್‌ಶ್ಮಾಲ್ಟ್ಸ್ ಎಂದರು ಒಡತಿ. ಮಗಳು ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದಳು: ನಮ್ಮ ತುಪ್ಪ! ತುಪ್ಪದಲ್ಲಿ ಕರಿದದ್ದೆಂದು ಕೇಳಿ ಒಂದು ಕ್ಷಣ ಆ ಹಂದಿಯ ಮೇಲೂ ಗೌರವ ಬಂತು. ಮೊಮ್ಮಗ ಚೀಸ್ ಕರಿದದ್ದನ್ನು ತಿನ್ನು ಎಂದು ದುಂಬಾಲು ಬಿದ್ದ. ಅದೇ ಬಾಣಲೆಯೇ ಎಂದು ಕೇಳಿಸಿದೆ. ಅದೇ ಬಾಣಲೆ. ಪ್ರಶ್ನೆ ಕೇಳುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ನಾನು ತೆಗೆದುಕೊಂಡದ್ದು ಅಣಬೆ. ಜುಲೈ ತಿಂಗಳಲ್ಲಿ ಮೊಟ್ಟೆಯ ಹಳದಿ ಬಣ್ಣದ ಕಾಡಣಬೆ ಬರುತ್ತದೆ, ಐಯರ್‌ಶ್ವಾಮರ್ಲ್ ಎಂದು ಹೆಸರು. ಕೆನೆ ಹಾಕಿದ ಗೊಜ್ಜಿನ ನಡುವೆ ಒಂದು ದೊಡ್ಡ ಉಂಡೆ. ದೂರದಿಂದ ನೋಡಿದರೆ ಸಾರಿನಲ್ಲಿ ಕುಳಿತ ಮುದ್ದೆ. ಒಣಗಿದ ಬನ್ನನ್ನು ಸಣ್ಣಗೆ ಹೆಚ್ಚಿ, ಹಾಲು, ಮೊಟ್ಟೆ, ಸೊಪ್ಪು ಸೇರಿಸಿ ಉಂಡೆ ಕಟ್ಟಿ ನೀರಿನಲ್ಲಿ ಬೇಯಿಸಿದ ಕ್ನೋಡೆಲ್ ಅದು. ಚಾಕು ಹಿಡಿದೆ. ಅಳಿಯ ತಡೆದರು: "ಅತ್ತೆ, ಚಾಕು ಹಾಕಬಾರದು. ಮುಳ್ಳುಚಮಚದಿಂದ ಹರಿದು ತಿನ್ನಬೇಕು. ಚಾಕು ಬೇಕಾಯಿತೆಂದರೆ ಗಟ್ಟಿಯಾಗಿದೆ ಎಂದು ದೂರು ಹೇಳಿದ ಹಾಗೆ." ಮುದ್ದೆಯನ್ನು ಹಲ್ಲಿಗೆ ತಾಗಿಸದೆ ನುಂಗಬೇಕು ಎಂದು ಮಂಡ್ಯದವರು ನನ್ನನ್ನು ಎಷ್ಟೋ ಸಲ ಗದರಿದ್ದಾರೆ. ಉಂಡೆ ಕಟ್ಟುವವರಿಗೆಲ್ಲ ಒಂದೊಂದು ಕಟ್ಟಳೆ ಇರುತ್ತದೆ.

ಮೊಮ್ಮಗ ತನಗೆ ಏನೂ ಬೇಡ, ರಾಯ್ಬರ್‌ಟೆಲರ್ ಸಾಕು ಎಂದ. ಬಂದದ್ದು ಖಾಲಿ ತಟ್ಟೆ, ಒಂದು ಮುಳ್ಳುಚಮಚ. ದರೋಡೆಕೋರನ ತಟ್ಟೆ ಎಂದು ಅರ್ಥ. ಮಕ್ಕಳು ದೊಡ್ಡವರ ತಟ್ಟೆಗಳಿಂದ ಕದ್ದು ತಿನ್ನಲಿ ಎಂದು ಕೇಳಿದ ಕೂಡಲೇ ಕೊಡುತ್ತಾರೆ. ಎಂಜಲಿನ ಲೆಕ್ಕವನ್ನು ಇನ್ನೂ ಬಿಡದ ನಾನು ನನಗೂ ಒಂದು ಬೇಕೆಂದೆ. ಒಡತಿ ಸ್ವಲ್ಪವೂ ನಗದೆ ತಂದುಕೊಟ್ಟರು. ಯಾರೂ ಬಾಯಿಗಿಡುವ ಮೊದಲೇ ಮಗಳ ತಟ್ಟೆಯಿಂದ ಎರಡು ಕಾಸ್‌ನೂಡಲ್ ದರೋಡೆ ಮಾಡಿದೆ.

ಅಂದು ಅಳಿಯ ಹೇಳಿದ ಒಂದು ವಿಷಯ ಮನಸ್ಸಿನಲ್ಲಿ ಉಳಿದಿದೆ. ಆಸ್ಟ್ರಿಯಾ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ತನ್ನ ಅಡುಗೆಯ 23 ಪದಗಳನ್ನು ಒಪ್ಪಂದದ ಹತ್ತನೆಯ ಅನುಬಂಧದಲ್ಲಿ ಬರೆಸಿಕೊಂಡಿತಂತೆ. ಜರ್ಮನಿಯವರ ಪದದಷ್ಟೇ ಮಾನ್ಯತೆ ನಮ್ಮ ಪದಕ್ಕೂ ಇರಬೇಕು ಎಂದು. ಆಲೂಗಡ್ಡೆಗೆ ಜರ್ಮನರು ಕಾರ್ಟೋಫೆಲ್ ಎಂದರೆ ಇವರು ಎರ್ಡೆಪ್ಫೆಲ್, ನೆಲದ ಸೇಬು ಎನ್ನುತ್ತಾರೆ. ಟೊಮೆಟೊ ಇವರಿಗೆ ಪಾರಾಡೈಸರ್, ಸ್ವರ್ಗದ ಹಣ್ಣು. ನಾನು ತಿಂದ ಅಣಬೆಯ ಹೆಸರೂ ಆ 23ರಲ್ಲಿದೆ, ಟೋಪ್ಫನ್ ಕೂಡ ಇದೆ. ನಾನು ಆಲೂಗಡ್ಡೆ ಎಂದಾಗಲೆಲ್ಲ ಬಟಾಟೆ ಎಂದು ತಿದ್ದುವ ಅಳಿಯ ಇದನ್ನು ಹೇಳುವಾಗ ಸ್ವಲ್ಪ ಹೆಚ್ಚೇ ಖುಷಿಯಲ್ಲಿದ್ದರು.

ಶುಕ್ರವಾರದ ಗುಟ್ಟು ತಿಳಿದದ್ದು ಆಮೇಲಿನ ವಾರ. ಹಲಗೆಯ ಮೇಲಿನ ಎರಡನೆಯ ಸಾಲನ್ನು ಹುಡುಗ ಓದಿದವನೇ ಕುಣಿದ: "ಮೋನ್‌ನೂಡಲ್ನ್! ಅಜ್ಜಿ, ಅದು ಸಿಹಿ." ಮಧ್ಯಾಹ್ನದ ಊಟಕ್ಕೆ ಸಿಹಿಯೊಂದೇ ಏಕೆ ಎಂದು ಒಡತಿಯನ್ನು ಕೇಳಿಸಿದೆ. ಶುಕ್ರವಾರ ಅಲ್ಲವೇ, ಎಂದರು ಅವರು, ಅದಕ್ಕಿಂತ ಸರಳ ಉತ್ತರವಿಲ್ಲ ಎನ್ನುವಂತೆ. ಕ್ಯಾಥೊಲಿಕ್ಕರಿಗೆ ಶುಕ್ರವಾರ ಮಾಂಸವಿಲ್ಲದ ದಿನ. ಅಂದು ಮೀನು, ಇಲ್ಲವೇ ಹಿಟ್ಟಿನ ತಿನಿಸು. ಈಗ ನಿಯಮ ಪಾಲಿಸುವವರು ಕಡಿಮೆ, ಪದ್ಧತಿ ಮಾತ್ರ ಅಡುಗೆಮನೆಯಲ್ಲಿ ಉಳಿದುಕೊಂಡಿದೆ. ಅಂದಿನ ಸೂಪಿಗೂ ಮೂಳೆ ಇಲ್ಲವೇ? ಇಲ್ಲ; ಶುಕ್ರವಾರ ತರಕಾರಿಯ ನೀರಿನಲ್ಲಿ ಆಲೂಗಡ್ಡೆ ಸೂಪ್. ಅವರ ಅಜ್ಜಿಯ ಕಾಲದಿಂದಲೂ ಹಾಗೆಯೇ.

ನನ್ನ ಅಜ್ಜಿ ಶನಿವಾರ ರಾತ್ರಿ ಅನ್ನ ಮುಟ್ಟುತ್ತಿರಲಿಲ್ಲ. ಒಪ್ಪತ್ತು. ಆದರೆ ಆ ರಾತ್ರಿ ಅಡುಗೆಮನೆಗೆ ಬೇರೆ ಯಾವ ದಿನಕ್ಕಿಂತಲೂ ಹೆಚ್ಚು ಕೆಲಸ. ದೋಸೆ, ಉಪ್ಪಿಟ್ಟು, ಸಜ್ಜಿಗೆ, ಒಗ್ಗರಣೆ ಅವಲಕ್ಕಿ. ಎಲ್ಲ ಫಲಾಹಾರ, ಒಂದೂ ಫಲವಲ್ಲ. ಉಪವಾಸವೆಂದರೆ ರುಚಿಯಾದದ್ದು ಸಿಗುವ ದಿನ ಎಂದು ನಾವು ಮಕ್ಕಳು ತಿಳಿದಿದ್ದೆವು. ವಿಯೆನ್ನಾದವರೂ ಬೇರೆ ಮಾಡಲಿಲ್ಲ. ಮಾಂಸ ಬಿಡಬೇಕು ಎಂದಾಗ ಬೆಣ್ಣೆ, ಕೆನೆ, ಗಸಗಸೆ, ಹಣ್ಣುಗಳನ್ನು ಹಿಡಿದರು. ಈ ಸಿಹಿ ಉಂಡೆಗಳ ವಿದ್ಯೆಯಲ್ಲಿ ಬಹುಪಾಲು ಈಗಿನ ಚೆಕ್ ದೇಶದ ಬೊಹೀಮಿಯಾದಿಂದ ಈ ಊರಿನ ಶ್ರೀಮಂತರ ಮನೆಗಳಿಗೆ ಅಡುಗೆಗೆ ಬಂದ ಹೆಂಗಸರದು. ಮೂರು ವಾರ ಆ ಹಲಗೆಯ ಮುಂದೆ ನಿಂತು ನಾನು ಹುಡುಕಿದ್ದು ನನ್ನಂಥವರಿಗೆ ಒಂದು ತಟ್ಟೆ. ಅದು ಇದ್ದದ್ದು ಅವರ ವ್ರತದಲ್ಲಿ.

ಮೋನ್‌ನೂಡಲ್ನ್ ಎಂದರೆ ಆಲೂಗಡ್ಡೆಯ ಕಣಕವನ್ನು ಬೆರಳಿನಷ್ಟು ಉದ್ದಕ್ಕೆ ಹೊಸೆದು, ಬೇಯಿಸಿ, ಬೆಣ್ಣೆಯಲ್ಲಿ ಹೊರಳಿಸಿ, ಪುಡಿಮಾಡಿದ ಗಸಗಸೆ ಮತ್ತು ಸಕ್ಕರೆಯಲ್ಲಿ ಮುಳುಗಿಸುವುದು. ತಟ್ಟೆ ಕಪ್ಪಗೆ ಕಂಡಿತು. ಚಿಟಿಕೆಯಲ್ಲ, ಹಿಡಿಗಟ್ಟಲೆ ಗಸಗಸೆ. ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ಮನೆಮಂದಿಯೆಲ್ಲ ಚಾಪೆ ಹುಡುಕುವುದನ್ನು ಕಂಡವಳು ನಾನು. ಮನೆಗೆ ಬಂದು ಸಂಜೆ ಐದರವರೆಗೆ ಮಲಗಿದೆ.

ಮುಂದಿನ ಶುಕ್ರವಾರ ಕೈಸರ್‌ಶ್ಮಾರ್ನ್. ಚಕ್ರವರ್ತಿ ಫ್ರಾಂಜ್ ಜೋಸೆಫನ ಹೆಸರಿಗೆ ಅಂಟಿಕೊಂಡ ತಿನಿಸು, ಕಥೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಶ್ಮಾರ್ನ್ ಎಂದರೆ ಮಾತಿನಲ್ಲಿ ಅಸಂಬದ್ಧ, ಹುಚ್ಚಾಟ. ಇಪ್ಪತ್ತು ನಿಮಿಷ ಕಾಯಬೇಕೆಂದು ಮೊದಲೇ ಹೇಳಿದರು. ಮೊಟ್ಟೆಯ ಬಿಳಿಯನ್ನು ನೊರೆಯಾಗುವಂತೆ ಕಡೆದು ಹಾಕಿದ ದಪ್ಪ ದೋಸೆಯನ್ನು ಬಾಣಲೆಯಲ್ಲಿಯೇ ಎರಡು ಮುಳ್ಳುಚಮಚಗಳಿಂದ ಚೂರುಚೂರಾಗಿ ಹರಿದು, ಸಕ್ಕರೆ ಕರಗಿಸಿ, ದ್ರಾಕ್ಷಿ ಬೆರೆಸಿ ಕೊಡುತ್ತಾರೆ, ಪಕ್ಕಕ್ಕೆ ಬೇಯಿಸಿದ ಪ್ಲಮ್ ಹಣ್ಣು. ಕಾವಲಿಗೆ ಕಚ್ಚಿ ಕಿತ್ತುಬರುವ ಮೊದಲ ದೋಸೆಯನ್ನು ಯಾರಿಗೂ ಕಾಣದಂತೆ ಮಕ್ಕಳ ತಟ್ಟೆಗೆ ಹಾಕುತ್ತಿದ್ದ ನಾವು ಅದಕ್ಕೊಬ್ಬ ಮಹಾರಾಜರ ಹೆಸರಿಡಬೇಕೆಂದು ಹೊಳೆಯಲೇ ಇಲ್ಲವಲ್ಲ.

ಆದರೂ ಊಟಕ್ಕೆ ಬರೀ ಸಿಹಿ ಎಂದರೆ ನನ್ನ ಹೊಟ್ಟೆ ಒಪ್ಪುತ್ತಿರಲಿಲ್ಲ. ಒಬ್ಬಟ್ಟು ಮಾಡಿದ ದಿನವೂ ಒಬ್ಬಟ್ಟಿನ ಸಾರು ಇರುತ್ತದೆ ಎಂದು ಮಗಳ ಹತ್ತಿರ ಗೊಣಗಿದೆ. "ಇಲ್ಲಿಯೂ ಸೂಪ್ ಕೊಟ್ಟರಲ್ಲಮ್ಮಾ" ಎಂದಳು. ಹೌದು, ಆಲೂಗಡ್ಡೆ ಸೂಪ್ ಅದಕ್ಕಾಗಿಯೇ ಮೊದಲು ಬರುತ್ತದೆ. ಅಷ್ಟಾದರೂ ಶುಕ್ರವಾರ ಮನೆಗೆ ಬಂದ ಕೂಡಲೇ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿ ತೆರೆಯುವುದನ್ನು ನಾನು ಬಿಡಲಿಲ್ಲ.

ಜುಲೈ ಕೊನೆಗೆ ಮರಿಲನ್‌ಕ್ನೋಡೆಲ್ ಬಂತು. ಡ್ಯಾನ್ಯೂಬ್ ದಂಡೆಯ ವಾಖಾವ್ ಕಣಿವೆಯಲ್ಲಿ ಏಪ್ರಿಕಾಟ್ ಹಣ್ಣಾಗುವ ಕಾಲ. ಬೀಜ ತೆಗೆದು, ಆ ಜಾಗದಲ್ಲಿ ಒಂದು ಸಕ್ಕರೆ ತುಂಡಿಟ್ಟು, ಇಡೀ ಹಣ್ಣನ್ನು ಟೋಪ್ಫನ್ ಕಣಕದಲ್ಲಿ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಉರುಳಿಸುತ್ತಾರೆ. ಚಮಚ ತಾಗಿಸಿದರೆ ಕಿತ್ತಳೆ ಬಣ್ಣದ ಬಿಸಿ ರಸ ಹೊರಗೆ. ಹಣ್ಣಿನ ಹುಳಿ ನಾಲಿಗೆಗೆ ತಾಗಿದ ಮೇಲೆ ಆ ದಿನ ಉಪ್ಪಿನಕಾಯಿಯ ನೆನಪೂ ಬರಲಿಲ್ಲ. ಮೂರು ಉಂಡೆ ತಿಂದೆ. ದುಡ್ಡು ಕೊಡುವಾಗ ಮೊಮ್ಮಗನ ನೆರವಿಲ್ಲದೆ ಒಟ್ಟು ಮೊತ್ತ ಹೇಳಿ, ನೋಟು ಕೊಟ್ಟು, ಚಿಲ್ಲರೆ ಕೈಗೆ ಬಂದ ಮೇಲೆಯೇ ಡಾಂಕೆ ಎಂದೆ. ದುಂಡು ಮೇಜಿನ ವೃದ್ಧರಲ್ಲಿ ಒಬ್ಬರು ಹೊರಡುವಾಗ ನನ್ನತ್ತ ತಲೆಯಾಡಿಸಿ "ಮಾಲ್‌ಟ್ಸೈಟ್" ಎಂದರು. ನಾನೂ ಎಂದೆ.

ಆಗಸ್ಟ್ ಮೊದಲ ಶುಕ್ರವಾರ, ಊರಿಗೆ ಹೊರಡಲು ಮೂರು ದಿನ ಇರುವಾಗ, ಇಬ್ಬರೂ ಹನ್ನೆರಡಕ್ಕೆ ಹೋದೆವು. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಬೇಸಿಗೆಯ ರಜೆ, ತಿಂಗಳ ಕೊನೆಗೆ ತೆರೆಯುತ್ತೇವೆ ಎಂದು. ಈ ಸಲ ಹುಡುಗ ಬಾಯಿ ತೆರೆಯುವ ಮೊದಲೇ ನಾನೇ ಓದಿದೆ. ಅರ್ಧ ಪರದೆಯ ಮೇಲಿನಿಂದ ಇಣುಕಿದರೆ ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಬೋರಲು ಹಾಕಿದ್ದರು, ದುಂಡು ಮೇಜಿನ ಮೇಲೂ. ಕರಿಹಲಗೆ ಒಳಗೆ ಕಟ್ಟೆಗೆ ಒರಗಿಕೊಂಡಿತ್ತು, ಯಾರೂ ಅಳಿಸಿರಲಿಲ್ಲ. ಮೊಮ್ಮಗ ಗಾಜಿಗೆ ಮೂಗು ಒತ್ತಿ ಕಳೆದ ವಾರದ ಎರಡನೆಯ ಸಾಲನ್ನು ಜೋರಾಗಿ ಓದಿದ, ಕೊನೆಯ ಸಣ್ಣ ಅಕ್ಷರಗಳನ್ನೂ ಬಿಡದೆ: ಮರಿಲನ್‌ಕ್ನೋಡೆಲ್, ಎ, ಸಿ, ಜಿ.